ನಕ್ಷತ್ರದ ಹಡಗಿನಲ್ಲಿ ಬೆಳಗಿನ ಐದು ಗಂಟೆ

ಓಝರ್ ಬಳಿಯ ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಮೇಲೂ ನಾನು ಐದಕ್ಕೇ ಏಳುತ್ತೇನೆ. ಸ್ನಾನ, ಲಿಂಗಪೂಜೆ, ಆಮೇಲೆ ಚಹಾ. ಪೂಜೆಯಾಗದೆ ಬಾಯಿಗೆ ನೀರೂ ಇಲ್ಲ. ಈ ಶಿಸ್ತನ್ನು ನಂಬಿಯೇ ಮೊಮ್ಮಗಳು ನನ್ನನ್ನು ನಾಸಿಕ್‌ನಿಂದ ಸಂಭಾಜಿನಗರಕ್ಕೆ ಕರೆಸಿಕೊಂಡಳು.

ಅವಳು ಅಲ್ಲಿ ವಾಸ್ತುಶಿಲ್ಪ ಓದುತ್ತಾಳೆ. ಬೇರೊಂದು ನಕ್ಷತ್ರದತ್ತ ತಲೆಮಾರುಗಟ್ಟಲೆ ಸಾಗುವ ಬಾಹ್ಯಾಕಾಶ ಹಡಗಿನಲ್ಲಿ ಜನ ಹೇಗೆ ವಾಸಿಸಬೇಕು ಎಂಬ ನಕ್ಷೆಯನ್ನು ಸ್ಪರ್ಧೆಯೊಂದಕ್ಕೆ ಕಳುಹಿಸಬೇಕಿತ್ತು. ತಂಡದಲ್ಲಿ ವೈದ್ಯಕೀಯ ಓದುವ ಹುಡುಗಿ, ಕೃಷಿ ಓದುವ ಹುಡುಗ. ಹಡಗಿನವರ ದಿನಚರಿ ಬರೆಯುವುದು ಮೊಮ್ಮಗಳ ಪಾಲು. ಅದೊಂದೇ ಬಾಕಿ. ಅಂದೇ ಸಂಜೆ ಆರರೊಳಗೆ ಮುಗಿಯದಿದ್ದರೆ ವರ್ಷದ ದುಡಿಮೆ ವ್ಯರ್ಥ.

ನಾನು ಗೆರೆ ಹಾಕಿ ಬರೆದು ತಂದಿದ್ದೆ: ಐದಕ್ಕೆ ಸೈರನ್, ಎಲ್ಲರ ಸ್ನಾನ, ಪೂಜೆ.

ಹುಡುಗ ಮರಾಠಿಯಲ್ಲಿ ನನ್ನನ್ನು ಅಜ್ಜನೆಂದು ಕರೆದು ಹೇಳಿದ: “ಆಜೋಬಾ, ಎಲ್ಲರೂ ಒಟ್ಟಿಗೇ ಮಿಂದರೆ ನೀರು ಶುದ್ಧ ಮಾಡುವ ಯಂತ್ರ ರಾಜೀನಾಮೆ ಕೊಡುತ್ತದೆ!”

“ಅಲ್ಲಿ ಮೂರು ಪಾಳಿ. ಸೂರ್ಯನೂ ಇಲ್ಲ. ಯಾರ ಐದು ಗಂಟೆ?” ಎಂದಳು ವೈದ್ಯಕೀಯದ ಹುಡುಗಿ.

ನನಗೆ ಗೊಂದಲವಾಯಿತು. ಬೆಳಗೇ ಇಲ್ಲದ ಕಡೆ ಬೆಳಗಿನ ಪೂಜೆ ಹೇಗೆ?

ಮೊಮ್ಮಗಳು ತನ್ನ ಅರೆಬರೆ ಕನ್ನಡದಲ್ಲಿ, “ಮುತ್ಯಾ, ರಾತ್ರಿ ಪಾಳಿ ಇದ್ದಾಗ ಪೂಜಾ ಯಾವಾಗ ಮಾಡತಿದ್ರಿ?” ಎಂದಳು.

“ಮಧ್ಯಾಹ್ನ ಮೂರಕ್ಕ ಎದ್ದು.”

“ಅಲ್ಲೀತನಕ ಮನ್ಯಾಗ ಗದ್ದಲ ಇರತಿದ್ದಿಲ್ಲೇನ್ರಿ?”

“ಗದ್ದಲ ಮಾಡೋ ಧೈರ್ಯ ಯಾರಿಗಿತ್ತು? ನಿನ್ನ ಅಜ್ಜಿ ಕುಕ್ಕರ್ ಸುದ್ದಾ ಇಡತಿದ್ದಿಲ್ಲ. ನಿಮ್ಮಪ್ಪ ಸಾಲಿ ಬಿಟ್ಟು ಬಂದು ಚಪ್ಪಲ್ ಕೈಯಾಗ ಹಿಡಕೊಂಡು ಒಳಗ ಬರತಿದ್ದ,” ಎಂದೆ ಹೆಮ್ಮೆಯಿಂದ.

ಅವಳು ಅದನ್ನು ಮರಾಠಿಯಲ್ಲಿ ಹೇಳಿದಳು. ಯಾರೂ ನಗಲಿಲ್ಲ. ಮೂವರೂ ನಕ್ಷೆಯ ಮೇಲೆ ಬಾಗಿದರು. ಮಲಗುವ ಕೋಣೆಗಳು ಅಡುಗೆಮನೆಯಿಂದ, ಮಕ್ಕಳ ಆಟದ ಜಾಗದಿಂದ ದೂರ ಹೋದವು. ಮಲಗಿದವರಿಗೆ ಸದ್ದು ಕೇಳದಂತೆ ನಡುವೆ ಧಾನ್ಯದ ಉಗ್ರಾಣ ಬಂತು. ದಿನಚರಿಯಲ್ಲಿ ನನ್ನ ಐದು ಗಂಟೆಯನ್ನು ಹೊಡೆದು, ‘ಎದ್ದ ಮೇಲೆ’ ಎಂದು ಬರೆದರು.

“ನಿಮ್ಮದೇ ತಗೊಂಡೀವಿ, ಮುತ್ಯಾ,” ಎಂದಳು ಮೊಮ್ಮಗಳು. ಹುಡುಕಿದರೂ ಅದರಲ್ಲಿ ನನ್ನದು ಯಾವುದೆಂದು ತಿಳಿಯಲಿಲ್ಲ.

ಸಲಹೆ ಕೊಟ್ಟವರ ಹೆಸರು ಹಾಕುವಲ್ಲಿ ನನ್ನದನ್ನು ಬರೆದು ಅವಳು ತಲೆಯೆತ್ತಿದಳು. “ಅಜ್ಜೀದೂ ಬರೀಲೇನ್ರಿ?”

ಹಡಗಿನ ಸುದ್ದಿಯೇ ಗೊತ್ತಿಲ್ಲದವಳು ಕೊಟ್ಟ ಸಲಹೆಯಾದರೂ ಏನು? ಕಣ್ಣು ನಕ್ಷೆಯಲ್ಲಿ ಅಡುಗೆಮನೆಯಿಂದ ದೂರ ಸರಿದ ಮಲಗುವ ಕೋಣೆಗಳ ಮೇಲೆ ಬಿತ್ತು. ಆರಕ್ಕೆ ಐದೇ ನಿಮಿಷ ಇತ್ತು.

“ಬರಿ,” ಎಂದೆ. “ಮೊದಲು ಆಕೀದ ಬರಿ.”

ಹಾಗೇಕೆ ಅಂದೆನೋ, ಈಗಲೂ ನನಗೆ ಸರಿಯಾಗಿ ತಿಳಿದಿಲ್ಲ.