ಕೋರ್ಟಿನ ಹೊಲ

ದೇವದುರ್ಗದ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಗೋಪಮ್ಮನಿಗೆ ಓಣಿಯವರು ಇಟ್ಟ ಹೆಸರು ‘ಗಾರ್ಡಿಯನ್’. ಅವರು ನಗುತ್ತ ಕರೆಯುತ್ತಾರೆ, ಆಕೆ ಮಾತ್ರ ನಗುವುದಿಲ್ಲ. ರಾಯಚೂರಿನ ಕೋರ್ಟು ಕೊಟ್ಟ ಹೆಸರದು, ಹುಡುಗಾಟವೇ?

ಆಕೆಯ ತಮ್ಮ ಮೌನಪ್ಪ ಗೌಂಡಿ ಕೆಲಸದವನು. ಹೈದರಾಬಾದಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ವ್ಯವಹಾರದ ತಿಳಿವು ಹೋಯಿತು. ಬಾಗಲವಾಡದಲ್ಲಿ ಅಪ್ಪ ಬಿಟ್ಟುಹೋದ ತುಂಡು ಹೊಲ ಅವನ ಹೆಸರಿನಲ್ಲಿತ್ತು. ಯಾವನೋ ಪುಣ್ಯಾತ್ಮ ಅವನಿಗೆ ಮಿರ್ಚಿ ಭಜಿ, ಚಹಾ ಕೊಡಿಸಿ, ಹೊಲ ಬರೆಸಿಕೊಳ್ಳಲು ಹೆಬ್ಬೆರಳಿಗೆ ಶಾಯಿಯನ್ನೂ ಹಚ್ಚಿಬಿಟ್ಟಿದ್ದ! ಗೋಪಮ್ಮ ಓಡಿಹೋಗಿ ತಮ್ಮನನ್ನು ಎಳೆದುಕೊಂಡು ಬಂದಳು. ಮರುದಿನವೇ ರಾಯಚೂರಿನ ಬಸ್ಸು ಹತ್ತಿದಳು.

ವಕೀಲರು, ಡಾಕ್ಟರ ಸರ್ಟಿಫಿಕೇಟು, ತಾರೀಖಿನ ಮೇಲೆ ತಾರೀಖು. ಅಂತೂ ತಮ್ಮನ ಆಸ್ತಿ ನೋಡಿಕೊಳ್ಳುವ ಹೊಣೆ ಆಕೆಗೆ ಬಂತು. ಕೋರ್ಟನ್ನು ಕೇಳದೆ ಹೊಲ ಮಾರಬಾರದು ಎಂದರು ಜಡ್ಜು. ತಮ್ಮನಿಗೆ ತಿಳಿಯುವಂಥದ್ದನ್ನು ಅವನನ್ನೇ ಕೇಳಿ ಮಾಡಮ್ಮ ಎಂದೂ ಹೇಳಿದರು. ಮೊದಲ ಮಾತು ಗೋಪಮ್ಮನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಎರಡನೆಯದು ಬರುವಾಗ ಬಸ್ಸಿನಲ್ಲೇ ಉಳಿಯಿತು.

ಮನೆಗೆ ಬಂದವಳೇ ತಮ್ಮನನ್ನು ಕೂರಿಸಿಕೊಂಡಳು. “ನೋಡಲೇ ಮೌನ್ಯಾ, ಹೊಲ ಈಗ ಕೋರ್ಟಿನ ಕೈಯಾಗ ಅದ. ಯಾರರ ಕೇಳಿದ್ರ ನಂದಲ್ಲ ಅನ್ನು. ತಿಳೀತಿಲ್ಲೋ?”

“ತಿಳೀತಕ್ಕಾ,” ಅಂದ ಮೌನಪ್ಪ. ತಿಳಿಯದೆ ಏನು, ಚೆನ್ನಾಗಿಯೇ ತಿಳಿದುಕೊಂಡ.

ಹೊಲವನ್ನು ಆಕೆ ಊರಿನ ಈರಯ್ಯನಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಳು. ಬಂದದ್ದೆಲ್ಲ ತಮ್ಮನ ಔಷಧಿಗೆ, ಊಟಕ್ಕೆ. ಆದರೂ ‘ಅಕ್ಕ ಹೊಲ ನುಂಗತಾಳ’ ಎಂದು ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು?

ಎಳ್ಳಮಾವಾಸ್ಯೆ ಬಂತು. ಅವತ್ತು ಹೊಲದ ಒಡೆಯ ಬೆಳೆಯ ನಡುವೆ ರೊಟ್ಟಿ, ಪಲ್ಯ, ಕಡುಬಿನ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಬೇಕು. ಅಕ್ಕ ತಮ್ಮ ಬುತ್ತಿ ಕಟ್ಟಿಕೊಂಡು ಬಾಗಲವಾಡಕ್ಕೆ ಬಂದರು. ಗೋಪಮ್ಮ ಬುಟ್ಟಿ ಹೊತ್ತು ಬಿಳಿಜೋಳದೊಳಗೆ ಇಳಿದಳು. ಮೌನಪ್ಪ ಬದುವಿನ ಮೇಲೆಯೇ ನಿಂತ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

“ಬಾರಲೇ, ಚರಗ ಚೆಲ್ಲು!”

“ಒಲ್ಲೆಕ್ಕಾ. ಕೋರ್ಟಿನ ಹೊಲ. ಜಡ್ಜ್ ಸಾಹೇಬ್ರು ಬೈತಾರ.”

ಹಿಂದೆ ಅವನು ಚರಗ ಚೆಲ್ಲುತ್ತ ಕೂಗಿದರೆ ಆಚೆ ಹೊಲದವರೂ ತಿರುಗಿ ನೋಡುತ್ತಿದ್ದರು. ಈಗ ಪರರ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ನಿಂತಿದ್ದ.

“ಯವ್ವಾ, ಹೊತ್ತಾಗಾಕತ್ತದ. ನೀನರ ಚೆಲ್ಲಿಬಿಡು,” ಅಂದ ಹೊಲದಲ್ಲಿ ಕಾಯುತ್ತ ನಿಂತಿದ್ದ ಈರಯ್ಯ.

ಚೆಲ್ಲಬಹುದಿತ್ತು. ಗೋಪಮ್ಮನ ಕೈ ಬುಟ್ಟಿಗೆ ಹೋಗಲಿಲ್ಲ. ಛೇ, ಕಳ್ಳರ ಬಾಯಿಂದ ಬಿಡಿಸಿದ ಹೊಲವನ್ನು ತಾನೇ ಇವನಿಂದ ಕಸಿದುಕೊಂಡೆನಲ್ಲ! ಆಕೆಗೆ ಅಳು ಬಂತು.

“ಹೊಲ ನಿಂದೇ ಅದಲೇ. ನಾ ಬರೇ ಕಾಯಾಕಿ.”

ಮೌನಪ್ಪ ತಲೆಯಾಡಿಸಿದ. ನಂಬಲಿಲ್ಲ.

ಗೋಪಮ್ಮ ಕಣ್ಣೊರೆಸಿಕೊಂಡು ಹೊಲದಿಂದ ಹೊರಬಂದು ಬದುವಿನ ಮೇಲೆ ನಿಂತಳು. ಚಪ್ಪಲಿ ಬಿಟ್ಟಳು. ಆಯುಷ್ಯವಿಡೀ ಪರರ ಹೊಲದಲ್ಲಿ ಕಳೆ ತೆಗೆದ ಅವ್ವ ಹೇಗೆ ಕೇಳುತ್ತಿದ್ದಳೋ ಹಾಗೆಯೇ ಕೇಳಿದಳು: “ಧಣೇರ, ನಿಮ್ಮ ಹೊಲದಾಗ ಬರ್ಲೇನ್ರಿ?”

ಮೌನಪ್ಪ ಅಕ್ಕನನ್ನು ನೋಡಿದ, ಬೆಳೆಯನ್ನು ನೋಡಿದ. ನಿಧಾನವಾಗಿ ಒಂದು ಕಾಲು ಹೊಲದೊಳಗಿಟ್ಟ. ಯಾರೂ ಬೈಯಲಿಲ್ಲ. ಇನ್ನೊಂದು ಕಾಲೂ ಇಟ್ಟ. ಆಮೇಲೆ ಬುಟ್ಟಿಗೆ ಕೈ ಚಾಚಿದ.

“ಬಾ ಅಕ್ಕಾ,” ಅಂದ. “ಬೆಳಿ ತುಳೀಬ್ಯಾಡ ಮತ್ತ, ನೋಡ್ಕೊಂಡು ಬಾ.”