ಗಾಡಿಖಾನೆಯ ಬಾಗಿಲು ತೆಗೆದ ಅತ್ತೆ

ನಮ್ಮ ಅತ್ತೆಯ ಅಂಗಾಲು ಎಳೆಗೂಸಿನದರಂತೆ ಮೆತ್ತಗಿತ್ತು. ಅರವತ್ತರ ಹತ್ತಿರ ಬಂದ ಹೆಂಗಸು, ಕೈತುಂಬ ಒಲೆಯ ಸುಟ್ಟಕಲೆ, ದನಿಯೋ ಹಿತ್ತಲಿಂದ ಹೆಬ್ಬಾಗಿಲವರೆಗೆ ಕೇಳುವಂಥದು. ಕಾಲು ನೋಡಿದರೆ ಮಾತ್ರ ಈಕೆ ನೆಲದ ಮೇಲೆ ನಡೆದೇ ಇಲ್ಲವೇನೋ ಅನ್ನಿಸುತ್ತಿತ್ತು. ಬೀದಿಯಲ್ಲಂತೂ ಅವರು ನಿಜವಾಗಿಯೂ ನಡೆದಿರಲಿಲ್ಲ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮಾವನವರ ಬಂಗಲೆ, ಸಿರುಗುಪ್ಪದ ಕಡೆ ಜಮೀನು. ಬಂಗಲೆಗೆ ಹತ್ತಿಕೊಂಡೇ ಸಾರೋಟು ನಿಲ್ಲಿಸುವ ಗಾಡಿಖಾನೆ. ಮನೆತನದಲ್ಲಿ ಘೋಷಾ, ಹೆಂಗಸರು ಹೊರಗಿನವರ ಕಣ್ಣಿಗೆ ಬೀಳುವಂತಿಲ್ಲ. ಹೆಂಗಸರು ಒಳಬಾಗಿಲಿನಿಂದ ಗಾಡಿಖಾನೆಗೆ ಇಳಿದು, ಆ ಕತ್ತಲಲ್ಲೇ ಸಾರೋಟು ಹತ್ತಿ, ಪರದೆ ಬಿಟ್ಟುಕೊಳ್ಳಬೇಕು. ಆಮೇಲೆಯೇ ಬೀದಿಬಾಗಿಲು ತೆಗೆಯುವುದು. ಹೀಗಾಗಿ ಮದುವೆಯಾಗಿ ಬಂದಾಗಿನಿಂದ ಅತ್ತೆ ತಮ್ಮ ಮನೆಯನ್ನು ಹೊರಗಿನಿಂದ ಕಂಡವರೇ ಅಲ್ಲ!

ನಾನು ಬಾದನಹಟ್ಟಿಯವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ತೀರಿಕೊಂಡರು. ನನ್ನನ್ನು ತವರಿಗೆ ಕಳಿಸುವ ಮಾತು ಬಂದಾಗ ಅತ್ತೆ ಅಡ್ಡ ನಿಂತರು. ಊರಲ್ಲಿ ಅಷ್ಟಿಷ್ಟು ಓದಿದ್ದವಳನ್ನು ಟೀಚರ್ ಟ್ರೇನಿಂಗಿಗೆ ಸೇರಿಸಲೇಬೇಕೆಂದು ಹಟ ಹಿಡಿದರು. ಮಾವ ಬಹಳ ದಿನ ಕೂಗಾಡಿ, ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದರು: ಸಾರೋಟಿನಲ್ಲೇ ಹೋಗಬೇಕು, ಪರದೆ ಸರಿಸಕೂಡದು, ಜೊತೆಗೆ ಅತ್ತೆ ಇರಬೇಕು.

ಪರದೆಯೊಳಗಿಂದ ಕಣ್ಣಿಗೆ ಏನೂ ಕಾಣದಿದ್ದರೂ ಅತ್ತೆ ಮೂಗು, ಕಿವಿಗಳಿಂದಲೇ ಊರು ನೋಡುತ್ತಿದ್ದರು. ಬ್ರೆಡ್ಡಿನ ವಾಸನೆ ಬಂದರೆ ಬೇಕರಿ ಬಂತು, ಗಾಲಿ ಗಡಗಡ ಅಂದರೆ ರೈಲ್ವೆ ಗೇಟು. ನಾನು ಪಾಠ ಉರು ಹೊಡೆಯುತ್ತ ಕೂತರೆ, ಶಿವ ನಿನಗೆ ಮೂಗು ಇಟ್ಟಿದ್ದಾನೋ ಇಲ್ಲವೋ ಎಂದು ತಿವಿಯುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಮಾವ ಸಾರೋಟು, ಕುದುರೆ ಎಲ್ಲ ಮಾರಿ ಮೋಟಾರು ತಂದರು. ಸಾರೋಟು ಹೊಡೆಯುತ್ತಿದ್ದ ಮುದುಕ ಆ ಮನೆಯಲ್ಲೇ ಹುಟ್ಟಿ ಬೆಳೆದವನು, ಮನೆಯವನೇ ಅನ್ನಿ. ಅವನು ಕುರುಗೋಡಿನ ಮಗಳ ಮನೆ ಸೇರಿಕೊಂಡ. ಮೋಟಾರಿನ ಡ್ರೈವರ್ ಹೊರಗಿನವನು, ಅವನ ಬೆನ್ನ ಹಿಂದೆ ಮನೆಯ ಹೆಂಗಸರು ಕೂರುವಂತಿಲ್ಲ. ಅಲ್ಲಿಗೆ ನನ್ನ ಓದು ಸಾಕೆಂದು ಮಾವ ಹೇಳಿಬಿಟ್ಟರು. ಪರೀಕ್ಷೆ ತಪ್ಪಿದರೆ ಜನ್ಮವೆಲ್ಲ ಆ ಅಡುಗೆಮನೆಯೇ ನನಗೆ ಗತಿ. ನಾನು ಅತ್ತದ್ದೇ ಅತ್ತದ್ದು. ಅತ್ತೆ ಮಾತ್ರ ಪರೀಕ್ಷೆ ಯಾವತ್ತಿನಿಂದ ಎಂದು ಕೇಳಿಕೊಂಡು ಒಲೆಯ ಮುಂದೆ ಹೋಗಿ ಕೂತರು.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಅವರು ತಲೆತುಂಬ ಸೆರಗು ಹೊದ್ದು, ನನ್ನ ಕೈ ಹಿಡಿದುಕೊಂಡು ಖಾಲಿ ಗಾಡಿಖಾನೆಗೆ ಇಳಿದರು. ತಾವೇ ಅಗುಳಿ ತೆಗೆದು ಬೀದಿಗೆ ಕಾಲಿಟ್ಟರು. ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ಬಂಗಲೆಯನ್ನು ನೋಡಿದರು.

"ಇಷ್ಟ ಐತೇನು ನಮ್ಮ ಮನಿ? ಒಳಗಿದ್ದಾಗ ಭಾಳ ದೊಡ್ಡದು ಅನಸ್ತಿತ್ತು."

ದಾರಿ ನನಗೂ ಗೊತ್ತಿರಲಿಲ್ಲ. ಅತ್ತೆ ರಸ್ತೆ ಕೂಡಿದಲ್ಲೆಲ್ಲ ನಿಂತು, ಕಣ್ಣು ಮುಚ್ಚಿ, ಗಾಳಿ ಮೂಸುವರು. ಹಾಗೆ ಬ್ರೆಡ್ಡಿನ ವಾಸನೆ ಹಿಡಿದು ಹೋದದ್ದು ಬೇಕರಿಯ ಹಿತ್ತಲಿಗೆ! ಮುಂದೆ ಗೋಡೆ, ಹೋಗಲು ದಾರಿಯಿಲ್ಲ. ಭಟ್ಟಿಯ ಮುಂದಿದ್ದವನು ಬೆರಗಾಗಿ ನೋಡುತ್ತಿದ್ದ. ಅತ್ತೆ ಸೆರಗು ಮುಂದಕ್ಕೆಳೆದುಕೊಂಡು, ರೈಲ್ವೆ ಗೇಟು ಯಾವ ಕಡೆ ಎಂದು ಅವನನ್ನೇ ಕೇಳಿದರು. ಹೊರಗಿನ ಗಂಡಸಿನ ಜೊತೆ ಅವರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪರೀಕ್ಷೆಯ ಗಂಟೆ ಹೊಡೆಯುವಷ್ಟರಲ್ಲಿ ಟ್ರೇನಿಂಗ್ ಶಾಲೆ ಮುಟ್ಟಿದೆವು. ಅವರ ಅಂಗಾಲು ಬೊಬ್ಬೆ ಎದ್ದು ಒಡೆದಿತ್ತು. ನಾನು ಬರೆದು ಬರುವ ತನಕ ಬೇವಿನ ಮರದ ಕೆಳಗೆ ಕೂತಿದ್ದರು.

ಸಂಜೆ ಮಾವ ಪಡಸಾಲೆಯಲ್ಲಿ ಕಾಯುತ್ತಿದ್ದರು. ಮನೆತನದ ಮಾನ ಬೀದಿಪಾಲು ಮಾಡಿದಿರಿ ಎಂದು ರೇಗಿದರು. ಅತ್ತೆ ಕುಂಟುತ್ತಲೇ ಹೋಗಿ ಅವರೆದುರು ನಿಂತರು.

"ಮಗ ಹೋದ, ಸೊಸಿ ಅದಾಳ. ಇರೋ ಆಕಿನ್ನೂ ಮಣ್ಣು ಮಾಡಾಕ ನಾ ಒಪ್ಪಂಗಿಲ್ರಿ. ನಾಳೆನೂ ನಡ್ಕೊಂಡ ಹೊಕ್ಕೀವಿ."

ಹೋದೆವು. ನಾನು ಪಾಸಾದೆ, ಬಳ್ಳಾರಿಯದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಮುಂದೆ ಅತ್ತೆ ಹಾಸಿಗೆ ಹಿಡಿದಾಗ ರಜೆ ಹಾಕುತ್ತೇನೆಂದರೆ ಬೈದು ಕಳಿಸುತ್ತಿದ್ದರು. ಒಂದು ಸಂಜೆ ಶಾಲೆ ಬಿಟ್ಟು ಬಂದರೆ ಅಂಗಳದ ತುಂಬ ಜನ. ಮಧ್ಯಾಹ್ನವೇ ಜೀವ ಹೋಗಿತ್ತು. ಯಾಕೆ ಕರೆಸಲಿಲ್ಲವೆಂದು ನಾನು ಮಾವನ ಮೇಲೆ ಕೂಗಿದೆ. ಅವರು ತಲೆ ಎತ್ತಲಿಲ್ಲ.

"ಆಕಿನೇ ಬ್ಯಾಡ ಅಂದ್ಲವ್ವ. ಪಾಠ ನಡದಿರ್ತೈತಿ, ಗಂಟಿ ಹೊಡಿಯೋತನ ಕರಿಬ್ಯಾಡ್ರಿ ಅಂದ್ಲು."

ಕಡೆಯ ಗುಟುಕು ನೀರು ಹಾಕಲೂ ನನ್ನನ್ನು ಬಿಡಲಿಲ್ಲವಲ್ಲ ಎಂಬ ಸಿಟ್ಟು ಇವತ್ತಿಗೂ ಹೋಗಿಲ್ಲ. ಆ ಸಿಟ್ಟಿನಲ್ಲೇ ಮತ್ತೆ ಶಾಲೆಗೆ ಹೋದೆ, ಪಾಠ ಮಾಡಿದೆ. ರಿಟೈರ್ ಆಗುವ ತನಕ, ಗಂಟೆ ಹೊಡೆಯುವ ಮೊದಲು ನಾನು ಒಂದು ದಿನವೂ ಕ್ಲಾಸು ಬಿಟ್ಟು ಎದ್ದವಳಲ್ಲ.