ನಿಮಿಷಕ್ಕೆ ಎಂಟು ಹನಿ

ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಈಗಲೂ ನನ್ನ ಕಣ್ಣು ತಾನಾಗಿ ಕೈಗಡಿಯಾರದತ್ತ ಹೋಗುತ್ತದೆ. ಒಂದು, ಎರಡು, ಮೂರು... ನಿಮಿಷ ತುಂಬುವವರೆಗೆ ಎಣಿಸದೆ ನಲ್ಲಿ ನಿಲ್ಲಿಸಲಾರೆ. ಮನೆಯವರು ನಗುತ್ತಾರೆ. ನಗಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಊರೂರು ಸುತ್ತಿ ಹೆರಿಗೆ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳಿಗೆ ಅಂಟಿದ ಗೀಳು ಇದು.

ಹೆರಿಗೆಗೆ ಬಂದವಳಿಗೆ ನೋವು ಸರಿಯಾಗಿ ಏಳದಿದ್ದರೆ ಡ್ರಿಪ್ ಬಾಟಲಿಯ ನೀರಿಗೆ ಆಕ್ಸಿಟೋಸಿನ್ ಬೆರೆಸಿ ಹಾಕುತ್ತೇವೆ. ಜನ ಅದನ್ನು ನೋವಿನ ಇಂಜೆಕ್ಷನ್ ಅನ್ನುತ್ತಾರೆ. ಯಂತ್ರವೇ ಅಳೆದು ಕೊಡುವ ದೊಡ್ಡ ಆಸ್ಪತ್ರೆಗಳಿವೆ. ನನಗಿದ್ದದ್ದು ಎರಡು ಕಣ್ಣು, ಒಂದು ಗಡಿಯಾರ, ಪೈಪಿನ ಮೇಲೆ ಹೆಬ್ಬೆರಳಿನಿಂದ ಸರಿಸುವ ಪುಟ್ಟ ಗಾಲಿ. ನಿಮಿಷಕ್ಕೆ ಎಂಟು ಹನಿಯಿಂದ ಶುರು. ಹೊಟ್ಟೆಯ ಮೇಲೆ ಕೈಯಿಟ್ಟು ನೋವು ನೋಡಿ, ಮಗುವಿನ ಎದೆಬಡಿತ ಕೇಳಿ, ಅರ್ಧ ಗಂಟೆಗೊಮ್ಮೆ ಸ್ವಲ್ಪ ಏರಿಸಬೇಕು. ಹೆಚ್ಚಾಯಿತೋ, ಗರ್ಭಕೋಶ ಬಿಗಿದ ಮುಷ್ಟಿ ಬಿಡುವುದಿಲ್ಲ. ಒಳಗಿನ ಮಗುವಿಗೆ ಉಸಿರು ಸಾಲುವುದಿಲ್ಲ.

ಅದು ಜಗಳೂರಿನ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಮಧ್ಯಾಹ್ನ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಚೊಚ್ಚಲ ಹೆರಿಗೆಯ ಹುಡುಗಿ ಮಲಗಿದ್ದಳು, ಪಕ್ಕದ ಸ್ಟೂಲಿನ ಮೇಲೆ ಅವಳ ತಾಯಿ. ಕಿಟಕಿಯ ಬಿಸಿಲು ಬಾಟಲಿಯ ಮೇಲೆ ಬೀಳುತ್ತಿತ್ತು. ಪ್ರತಿ ಹನಿಯೂ ಬೀಳುವ ಮೊದಲು ಒಂದು ಕ್ಷಣ ಕಿಟಕಿಯನ್ನೇ ತನ್ನೊಳಗೆ ತುಂಬಿಕೊಂಡು ತೂಗಿ, ಆಮೇಲೆ ಜಾರುತ್ತಿತ್ತು. ಹೊರಗೆಲ್ಲೋ ಕುರಿಗಳು ಅರಚುತ್ತಿದ್ದವು. ಎಣಿಸುತ್ತಾ ಎಣಿಸುತ್ತಾ ನಾನು ಅಲ್ಲೇ ಇದ್ದೇನೋ ಎಲ್ಲಿಗಾದರೂ ಹೋಗಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಸುಖವಾಗಿತ್ತು, ಸುಳ್ಳೇಕೆ ಹೇಳಲಿ.

"ಸಿಸ್ಟರ್, ಹಿಂಗೆ ತೊಟ್ಟು ತೊಟ್ಟು ಬಿಟ್ರೆ ಹೆಂಗ್ರೀ? ಒಂಚೂರು ಜಾಸ್ತಿ ಬಿಡಾಕೆ ಆಗಲ್ವಾ?" ಎಂದಳು ತಾಯಿ.

ಅವರದು ದಾಳಿಂಬೆ ತೋಟ, ಬೋರಿನ ನೀರು, ಗಿಡಕ್ಕೆ ಹನಿ ಹನಿ. ಕರೆಂಟ್ ಯಾವಾಗ ಬರುತ್ತದೋ ಆಗ ಎದ್ದು ವಾಲ್ ತಿರುಗಿಸುವವಳು ತಾನೇ ಎಂದು ಆಗಲೇ ಹೇಳಿಕೊಂಡಿದ್ದಳು. "ಇದೂ ನಿಮ್ಮ ತೋಟದ ಡ್ರಿಪ್ ಇದ್ದಂಗೇ ಕಣಮ್ಮ, ಈ ಗಾಲಿನೇ ವಾಲ್" ಎಂದೆ. ಆಕೆ ತಲೆದೂಗಿದಳು. ಎಷ್ಟು ಚೆನ್ನಾಗಿ ತಿಳಿಸಿ ಹೇಳಿದೆ ಎಂದು ಒಳಗೊಳಗೇ ಬೀಗಿದೆ. ಮುಟ್ಟಬೇಡಿ ಎಂಬ ಒಂದೇ ಮಾತು ಹೇಳುವುದು ಮಾತ್ರ ಮರೆತೆ.

ಹನಿ ಹದಿನಾರಕ್ಕೆ ಏರಿಸಿ, ಆಚೆ ಕೊನೆಯ ಹಾಸಿಗೆಯವಳ ಬಿ.ಪಿ. ನೋಡಲು ಹೋದೆ. ಅಷ್ಟರಲ್ಲಿ ಕರೆಂಟ್ ಬಂತು. ಫ್ಯಾನ್ ಕಿರ್ ಎಂದು ತಿರುಗತೊಡಗಿತು. ತಂಪು ಗಾಳಿಗೆ ಒಮ್ಮೆ ಕಣ್ಣು ಮುಚ್ಚಿಕೊಂಡದ್ದೂ ನೆನಪಿದೆ.

ಹಿಂದಿನಿಂದ ಹುಡುಗಿ ಚೀರಿದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಹನಿಗಳಿಲ್ಲ, ಧಾರೆ! ಗಾಲಿ ಪೂರ್ತಿ ತೆರೆದಿತ್ತು. ಹೊಟ್ಟೆ ಕಲ್ಲಾಗಿತ್ತು, ಸಡಿಲವಾಗುತ್ತಲೇ ಇರಲಿಲ್ಲ. ಗಾಲಿ ಮುಚ್ಚಿದೆ, ಡಾಕ್ಟರನ್ನು ಕೂಗಿದೆ, ಹುಡುಗಿಯನ್ನು ಎಡಕ್ಕೆ ಹೊರಳಿಸಿ ಆಕ್ಸಿಜನ್ ಹಾಕಿದೆ. ಮಗುವಿನ ಎದೆಬಡಿತ ಕೇಳಿದರೆ, ಕುದುರೆಯಂತೆ ಓಡುತ್ತಿದ್ದದ್ದು ಕುಂಟುತ್ತಿತ್ತು.

"ಯಾರ್ರೀ ಮುಟ್ಟಿದ್ದು?"

"ನಾನೇ ರೀ," ಎಂದಳು ತಾಯಿ. "ತೂಕಡಿಸ್ತಿದ್ದೆ. ಫ್ಯಾನ್ ತಿರುಗಿದ್ದು ಕಾಣ್ತು. ಕರೆಂಟ್ ಬಂತು ಅಂತ ಕೈ ತಾನೇ ವಾಲಿಗೆ ಹೋತು."

"ಮೊಮ್ಮಗೂನ ಕೊಲ್ಲಾಕೆ ಕೂತಿದ್ದೀರೇನ್ರೀ ಇಲ್ಲಿ!" ಮೂಗಿನ ತುದಿಯಲ್ಲೇ ಕೋಪ ಇರುವವಳು ನಾನು. ಆದರೂ ಅಂಥ ಮಾತನ್ನು ಯಾರಿಗೂ ಆಡಿರಲಿಲ್ಲ. ಆಕೆ ಗೋಡೆಗೆ ಆತುಕೊಂಡು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಡಾಕ್ಟರು ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ತೋಟದ ಡ್ರಿಪ್ಪಿನ ನನ್ನ ಜಾಣತನವನ್ನೂ ಸೇರಿಸಿ. ಹೊಟ್ಟೆ ಮೆಲ್ಲಗೆ ಸಡಿಲವಾಯಿತು. ಎದೆಬಡಿತ ಎಡವುತ್ತಾ ಎಡವುತ್ತಾ ಕೊನೆಗೆ ಓಟಕ್ಕೆ ಬಂತು. ಮತ್ತೆ ಔಷಧ ಬೇಕಾಗಲಿಲ್ಲ. ಇಳಿಬಿಸಿಲಿನ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅದು ಅತ್ತಾಗ ನಾನೂ ಅತ್ತೆ.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹುಡುಗಿಯ ತಾಯಿಯ ಮುಂದೆ ಹಿಡಿದೆ. ಆಕೆ ಹಿಂದೆ ಸರಿದಳು. ಕೈಗಳು ಇನ್ನೂ ಸೆರಗಿನೊಳಗೇ ಇದ್ದವು.

"ಬ್ಯಾಡ್ರೀ ಸಿಸ್ಟರ್. ನನ್ನ ಕೈ ಬ್ಯಾಡ."

ನನ್ನ ಮಾತು ಆ ಕೈಗಳನ್ನು ಕಟ್ಟಿಹಾಕಿತ್ತು. "ತಪ್ಪು ನಂದು ಕಣಮ್ಮ. ವಾಲ್ ಅಂತ ಹೇಳಿಕೊಟ್ಟವಳು ನಾನು. ಮುಟ್ಟಬ್ಯಾಡ್ರಿ ಅಂತ ಹೇಳದೇ ಹೋದವಳೂ ನಾನೇ. ಆಡಬಾರದ್ದು ಆಡಿಬಿಟ್ಟೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದೆ.

ಆಕೆ ಮಗುವನ್ನೇ ನೋಡುತ್ತಿದ್ದಳು. "ಉಸಿರು ಸರಿಯಾಗಿ ಐತೇನ್ರೀ?"

"ನೀವೇ ನೋಡ್ರಿ."

ಸೆರಗು ಬಿಡಿಸಿ ಆಕೆಯ ಬಲಗೈ ಹಿಡಿದು ಮಗುವಿನ ಎದೆಯ ಮೇಲಿಟ್ಟೆ. ದಾಳಿಂಬೆ ಮುಳ್ಳು ಗೀರಿದ ಒರಟು ಕೈ. ಆಕೆಯ ತುಟಿ ಅಲುಗತೊಡಗಿತು: ಒಂದು, ಎರಡು, ಮೂರು... ಎಲ್ಲೋ ತಪ್ಪಿಹೋಗಿ ಮತ್ತೆ ಒಂದರಿಂದ ಶುರು ಮಾಡಿದಳು. ನಾನು ಗಡಿಯಾರ ನೋಡಲಿಲ್ಲ.